ಬುಟ್ಟಿಯ ಮೇಲೆ ಜರೀಸೊಪ್ಪು

ಆಗಸ್ಟ್ ಹಿಡಿಯುತ್ತಿದ್ದಂತೆ ನಾನೂ ನನ್ನ ಗಂಡ ರೆಜಿಸನೂ ಲಿಯೋಂ ನಗರ ಬಿಟ್ಟು ವೆರ್ನೆಜ್ ಹಳ್ಳಿಯ ನಮ್ಮ ಬೇಸಿಗೆಯ ಮನೆಗೆ ಬರುತ್ತೇವೆ. ಬರುವ ದಿನ ಪಕ್ಕದ ಮನೆಯ ಹಿರಿಯ ಹೆಂಗಸು ಫೆರ್ನಾಂದ್ ಬೆಳಿಗ್ಗೆಯೇ ನಮ್ಮ ಕಿಟಕಿಗಳ ಹಲಗೆ ತೆಗೆದು, ಉಳಿದ ಹನ್ನೊಂದು ತಿಂಗಳು ಮುಚ್ಚಿದ್ದ ಕೋಣೆಗಳಿಗೆ ಗಾಳಿ ಬಿಟ್ಟಿರುತ್ತಾರೆ. ನಮ್ಮ ಬೀಗದ ಕೈಗೊಂಚಲು ಇರುವುದು ಅವರ ಅಡುಗೆಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯ ಮೇಲೆ.

ಅಲ್ಲಿನ ದಿನಗಳಿಗೆ ಆತುರವಿಲ್ಲ. ಬೆಳಿಗ್ಗೆ ತಿರುವಿನಲ್ಲಿ ಬ್ರೆಡ್ ವ್ಯಾನು ಹಾರ್ನ್ ಹೊಡೆದರೆ ಮನೆಯ ಚಪ್ಪಲಿಯಲ್ಲೇ ಹೋಗಿ ತರುವುದು, ಮಧ್ಯಾಹ್ನ ಊಟ ಎಳೆದಷ್ಟು ಎಳೆದು ಕಿಟಕಿ ಮುಚ್ಚಿ ಮಲಗುವುದು, ಬಿಸಿಲು ತಗ್ಗಿದ ಮೇಲೆ ಚರ್ಚಿನ ಮುಂದಿನ ಮರಗಳ ಕೆಳಗೆ ಗಂಡಸರು ಕಬ್ಬಿಣದ ಗುಂಡು ಎಸೆದಾಡುವ ಆಟ. ಮಳೆ ಬಂದರೆ ನಮ್ಮಂಥ ರಜೆಯವರು ಮುಖ ಸಣ್ಣದು ಮಾಡುತ್ತೇವೆ. ಊರಿನವರು ಮಾತ್ರ ಕಾಡಿನ ಕಡೆ ನೋಡುತ್ತಾರೆ. ಮಳೆ ಬಿದ್ದು ಎರಡು ಮೂರು ದಿನಕ್ಕೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಹಿಂದಿರುಗುವಾಗ ಒಳಗಿನದು ಕಾಣದಂತೆ ಬುಟ್ಟಿಯ ಮೇಲೆ ಕಾಡಿನ ಜರೀಸೊಪ್ಪು ಮುಚ್ಚಿರುತ್ತದೆ. ಕೇಳಿದರೆ, “ಈ ವರ್ಷ ಏನೂ ಇಲ್ಲ, ಎಲ್ಲ ಒಣಗಿಹೋಗಿದೆ” ಅನ್ನುತ್ತಾರೆ. ಸಂಜೆ ಅದೇ ಮನೆಯಿಂದ ಬೆಣ್ಣೆಯಲ್ಲಿ ಹುರಿದ ಹಳದಿ ಅಣಬೆಯ ಪರಿಮಳ ಬೀದಿಗೆ ಬರುತ್ತದೆ.

ಬರುವ ವರ್ಷ ನಾನು ಶಾಲೆಯಿಂದ ನಿವೃತ್ತಳಾಗುತ್ತೇನೆ. ಆಮೇಲೆ ಇಲ್ಲಿಯೇ ಬಂದು ಇದ್ದುಬಿಡೋಣ ಎಂಬುದು ನನ್ನ ಆಸೆ. ರೆಜಿಸ್ ಒಪ್ಪುತ್ತಿರಲಿಲ್ಲ. “ಇಲ್ಲಿ ನಾವು ಯಾರು ಹೇಳು? ಆಗಸ್ಟ್‌ನವರು. ಜನವರಿಯಲ್ಲಿ ನಮ್ಮನ್ನು ಮಾತಾಡಿಸೋರು ಯಾರು?” ಎನ್ನುತ್ತಿದ್ದ. ಹಾಗಿದ್ದೂ ಈ ಸಲ ನನ್ನ ಹೊಲಿಗೆ ಯಂತ್ರವನ್ನೂ ಚಳಿಗಾಲದ ಕೋಟುಗಳನ್ನೂ ಕಾರಿಗೆ ತುಂಬಿ ತಂದು ಹಿಂದಿನ ಕೋಣೆಯಲ್ಲಿ ಇಳಿಸಿದ್ದೆ.

ಬಂದ ವಾರವೇ ಮಳೆಯಾಯಿತು. ಫೆರ್ನಾಂದ್ ಬೇಲಿಯ ಹತ್ತಿರ ಕರೆದು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

“ಹಳೇ ಗಿರಣಿ ದಾಟಿ ಎಡಕ್ಕೆ ಹೋಗು. ಬಿದ್ದಿರೋ ಓಕ್ ಮರದ ಹಿಂದೆ ಇಳಿಜಾರಿದೆ, ಅಲ್ಲಿ ಪಾಚಿ ಸರಿಸಿ ನೋಡು. ಕಾರು ಅಲ್ಲಿ ನಿಲ್ಲಿಸಬೇಡ. ವಾಪಸ್ ಬರೋವಾಗ ಮೇಲೆ ಜರೀಸೊಪ್ಪು ಹಾಕ್ಕೋ. ಯಾರಿಗೂ ಹೇಳಬೇಡ. ಗಂಡನಿಗೂ ಬೇಡ.”

ಅಷ್ಟು ವರ್ಷ ‘ನೀವು’ ಎನ್ನುತ್ತಿದ್ದವರು ಅವತ್ತು ‘ನೀನು’ ಅಂದರು. ಅಣಬೆಯ ಜಾಗವೆಂದರೆ ಅಲ್ಲಿ ತಂದೆ ಸಾಯುವ ಮುಂಚೆ ಮಗನಿಗೆ ಮಾತ್ರ ಹೇಳುವ ಗುಟ್ಟು.

ಹೇಳಿದಲ್ಲಿ ಅಣಬೆ ಇತ್ತು. ಹೆಚ್ಚೇನಿಲ್ಲ, ಇಬ್ಬರಿಗಾಗುವಷ್ಟು. ರೆಜಿಸ್ ತಟ್ಟೆ ಒರೆಸಿ ತಿಂದು, “ಎಲ್ಲಿ ಸಿಕ್ತು?” ಎಂದ.

“ಕಾಡಲ್ಲಿ.”

“ಕಾಡಲ್ಲಿ ಅಂತ ನನಗೂ ಗೊತ್ತು ಮಾರಾಯ್ತಿ. ಬಾತ್‌ರೂಮಲ್ಲಿ ಬೆಳೆಯಲ್ಲ. ಯಾವ ಕಡೆ?”

“ಹೇಳೋ ಹಾಗಿಲ್ಲ.”

ಮೊದಲು ನಕ್ಕ. ಮತ್ತೆ ಮತ್ತೆ ಕೇಳಿದ. ಕೊನೆಗೆ, “ಮೂವತ್ತು ವರ್ಷ ಸಂಸಾರ ಮಾಡಿದ ನನಗಿಂತ ಪಕ್ಕದ ಮನೆಯವರು ಹೆಚ್ಚಾದರು” ಎಂದು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾವು ಆಗಸ್ಟ್‌ನವರಲ್ಲ ಎನ್ನುವುದಕ್ಕೆ ನನ್ನ ಬಳಿ ಸಾಕ್ಷಿಯಿತ್ತು. ಅದನ್ನು ಅವನಿಗೇ ತೋರಿಸುವಂತಿರಲಿಲ್ಲ.

ತಿಂಗಳ ನಡುವಿನ ಚರ್ಚಿನ ಹಬ್ಬ ಕಳೆದು ಇನ್ನೊಂದು ಮಳೆ ಬಿತ್ತು. ಬೆಳಿಗ್ಗೆ ಬೇಗ ಹೊರಟೆ. ಬಿದ್ದ ಓಕ್ ಮರದ ಹತ್ತಿರ ಯಾರೋ ಬಗ್ಗಿದ್ದರು. ಕೆಳಗಿನ ಬೀದಿಯ ವಾಸ್ಯೋರ್, ಬೇಸಿಗೆಗೆ ಲಿಲ್ ನಗರದಿಂದ ಬರುವ ಹಲ್ಲಿನ ಡಾಕ್ಟರು. ನನ್ನನ್ನು ಕಂಡದ್ದೇ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದರು. ನಾನೂ ಹಾಗೇ ಮಾಡಿದೆ.

“ಗಾಳಿ ಚೆನ್ನಾಗಿದೆ ಅಂತ ಬಂದೆ” ಎಂದರು.

“ನಾನೂ ಅಷ್ಟೆ.”

ಅವರ ಬೆನ್ನ ಹಿಂದಿನಿಂದ ಜರೀಸೊಪ್ಪಿನ ತುದಿ ಕಾಣುತ್ತಿತ್ತು. ಅವರು ಬಗ್ಗಿ ನನ್ನ ಬುಟ್ಟಿಯನ್ನು ನೋಡಿ ನಗತೊಡಗಿದರು.

“ಫೆರ್ನಾಂದ್ ತಾನೆ? ಬೇಲಿ ಹತ್ತಿರ ಕರೆದು? ಗಂಡನಿಗೂ ಹೇಳಬೇಡ ಅಂತ?”

ನಾನು ಬುಟ್ಟಿಯನ್ನು ಮುಂದಕ್ಕೆ ತಂದೆ.

“ಬೇಜಾರು ಮಾಡ್ಕೋಬೇಡಿ. ನನಗೂ ಹೋದ ವರ್ಷವೇ ಗೊತ್ತಾಗಿದ್ದು. ಕೆಫೆಯಲ್ಲಿ ಈ ಜಾಗಕ್ಕೆ ರಜೆಯವರ ತೋಟ ಅಂತಾರೆ. ಊರಿನೋರು ಯಾರೂ ಇಲ್ಲಿಗೆ ಬರಲ್ಲ. ನಮಗೆ ಅಂತಲೇ ಬಿಟ್ಟಿದ್ದಾರೆ, ಕೋಳಿಗೆ ಕಾಳು ಬಿಟ್ಟ ಹಾಗೆ. ಬನ್ನಿ, ಆ ಕಡೆಯದು ನಿಮಗೆ, ಈ ಕಡೆಯದು ನನಗೆ.”

ನಾನು ಖಾಲಿ ಬುಟ್ಟಿ ಹಿಡಿದು ಹಿಂದಿರುಗಿದೆ.

ಫೆರ್ನಾಂದ್ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಬುಟ್ಟಿ ನೋಡಿ, “ಸಿಗಲಿಲ್ವಾ?” ಎಂದರು.

“ವಾಸ್ಯೋರ್ ಸಿಕ್ಕಿದರು.”

ಕೈ ಒಂದು ಗಳಿಗೆ ನಿಂತು ಮತ್ತೆ ಕೆಲಸಕ್ಕೆ ಹತ್ತಿತು. “ನನ್ನ ಜಾಗ ನಮ್ಮಪ್ಪಂದು. ಅದನ್ನ ಅಳಿಯನಿಗೂ ಹೇಳಿಲ್ಲ. ಅವನು ಬಂದಾಗ ಅವನನ್ನೂ ಆ ಓಕ್ ಮರದ ಹಿಂದಕ್ಕೇ ಕಳಿಸ್ತೀನಿ.”

“ನನಗೂ ಹೇಳದೆ ಇರಬಹುದಿತ್ತು. ನಾನು ಕೇಳಿರಲಿಲ್ಲ ಮದಾಂ.”

“ಬಾಯಿಬಿಟ್ಟು ಕೇಳಲಿಲ್ಲ. ವರ್ಷ ವರ್ಷ ನನ್ನ ಬುಟ್ಟಿ ನೋಡ್ತಿದ್ದೆಯಲ್ಲ. ಪಾಪ ಅನ್ನಿಸ್ತು.”

“ಪಾಪ ಅಂತಲಾ? ನಾನು ಗಂಡನ ಹತ್ತಿರ ಜಗಳ ಮಾಡ್ಕೊಂಡೆ. ಇವತ್ತಿಗೂ ಅವನಿಗೆ ಹೇಳಿಲ್ಲ.”

ಅವರು ತಲೆ ಎತ್ತಿದರು. ಆ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ.

“ಹೇಳಿಲ್ವಾ ನೀನು? ಎಲ್ಲರೂ ಹೇಳ್ತಾರೆ ಕಣೆ. ವಾಸ್ಯೋರ್ ನಾನು ಹೇಳಿದ ದಿನ ಮಧ್ಯಾಹ್ನಕ್ಕೇ ಹೆಂಡತಿಗೆ ಹೇಳಿಯಾಗಿತ್ತು.”

ಅವರು ಅದನ್ನು ಹೇಳದೆ ಇದ್ದಿದ್ದರೂ ಆಗುತ್ತಿತ್ತು. ಜಾಗ ಸುಳ್ಳಾದದ್ದಕ್ಕಿಂತ ನಾನು ಮಾತು ಉಳಿಸಿಕೊಂಡದ್ದೇ ಅವರಿಗೆ ವಿಚಿತ್ರವಾಗಿ ಕಂಡಿತಲ್ಲ, ಅದು ಒಳಗೆ ಹೋಗಿ ನಾಟಿತು.

ಸಂಜೆ ರೆಜಿಸನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಎದ್ದು ಹೋಗಿ ನನ್ನ ಲೋಟಕ್ಕೆ ವೈನ್ ಹಾಕಿ ತಂದ. ನಿವೃತ್ತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೊರಡುವ ದಿನ ಕಿಟಕಿ ಹಲಗೆಗಳನ್ನೆಲ್ಲ ಮುಚ್ಚಿದೆ. ಹೊಲಿಗೆ ಯಂತ್ರವನ್ನು ಮತ್ತೆ ಕಾರಿಗೆ ಹೊರುವ ಮನಸ್ಸಾಗಲಿಲ್ಲ. ಅಲ್ಲಿಯೇ ಬಿಟ್ಟು, ಹಿಂದಿನ ಕೋಣೆಗೆ ಮೊದಲ ಸಲ ಬೀಗ ಹಾಕಿ, ಅದರ ಬೀಗದ ಕೈಯನ್ನು ಗೊಂಚಲಿನಿಂದ ಕಳಚಿ ಪರ್ಸಿನಲ್ಲಿಟ್ಟುಕೊಂಡೆ.

ಫೆರ್ನಾಂದ್ ಗೊಂಚಲು ತೆಗೆದುಕೊಂಡು, ಹುರುಳಿಕಾಯಿ ತಡವುವ ಹಾಗೆ ಒಂದೊಂದನ್ನೇ ಬೆರಳಲ್ಲಿ ತಡವಿದರು.

“ಹಿಂದಿನ ಕೋಣೆಯದು ಕಾಣ್ತಿಲ್ಲ.”

ಈ ವರ್ಷ ಕಾಡಲ್ಲಿ ಏನೂ ಇಲ್ಲ ಎಂದು ಅವರು ಹೇಳುವ ದನಿಯಲ್ಲೇ, “ಎಲ್ಲೋ ಕಳೆದುಹೋಯ್ತು ಮದಾಂ” ಎಂದೆ.

ಅವರು ನನ್ನ ಪರ್ಸಿನ ಕಡೆ ಒಮ್ಮೆ ನೋಡಿದರು.

“ಕಳೆದುಹೋಗತ್ತೆ, ಹೋಗತ್ತೆ” ಎಂದು ಒಳಗೆ ಹೋಗಿ, ಉಳಿದ ಗೊಂಚಲನ್ನು ಮೊಳೆಗೆ ಹಾಕಿದರು.