ಕಾರ್ಡಿನ ಮೇಲಿನ ತಾರೀಖು

ಜಪಾನಿನ ಇಶಿಕಾವಾದ ಗುಡ್ಡಗಳ ನಡುವಿನ ಆ ಹಳ್ಳಿಯಲ್ಲಿ ಮನೆಗಳಿದ್ದವು, ಮಕ್ಕಳು ಬೆರಳೆಣಿಕೆಯಷ್ಟೇ. ಒಂದನೇ ತರಗತಿಗೆ ಸೇರುವವರೇ ಇಲ್ಲದಿದ್ದರೆ ಶಾಲೆ ಮುಚ್ಚಿಬಿಡುತ್ತಾರೆ ಎಂಬ ಚಿಂತೆ ಊರಿಗೆಲ್ಲ ಇತ್ತು.

ಅಂಥ ಊರಿಗೆ ನಮ್ಮ ಮುಕುಂದ ಬಂದ. ಅಲ್ಲಿಯ ಸಣ್ಣ ಕಾರ್ಖಾನೆಗೆ ಒಬ್ಬ ಎಂಜಿನಿಯರ್ ಬೇಕಾಗಿತ್ತು. ಹಮಾಮತ್ಸು ಪಟ್ಟಣದ ಕೆಲಸ ಬಿಟ್ಟು, ಹೆಂಡತಿ ಚೈತನ್ಯಾ, ಮಗಳು ವರ್ಷಿಣಿಯನ್ನು ಕರೆದುಕೊಂಡು ಇಲ್ಲೇ ನೆಲೆಸುತ್ತೇನೆಂದು ಬಂದ. ಹಳ್ಳಿಯವರು ಖಾಲಿ ಬಿದ್ದಿದ್ದ ಮನೆಯೊಂದನ್ನು ಒಪ್ಪಮಾಡಿ ಕೊಟ್ಟರು. ಪಕ್ಕದ ಮನೆಯ ಅಜ್ಜಿ ಕಿತಗಾವಾ ಸಾನ್ ವರ್ಷಿಣಿಗೆ ಕೆಂಪು ಶಾಲಾ ಚೀಲ ತಂದಿಟ್ಟರು. 2020ರ ಏಪ್ರಿಲ್‌ನಲ್ಲಿ ಒಂದನೇ ತರಗತಿಗೆ ಸೇರುವವಳು ಅವಳೊಬ್ಬಳೇ. ಅವಳು ಅಜ್ಜಿಯ ಜೊತೆ ಹಗಲೆಲ್ಲ ಜಪಾನಿಯಲ್ಲೇ ಹರಟುತ್ತಿದ್ದಳು.

ಅದೇ ವರ್ಷದ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಚೈತನ್ಯಾಳ ತಮ್ಮನ ಮದುವೆ. ತಾಯಿ ಮಗಳು ಹೊರಡುವ ತಯಾರಿಯಲ್ಲಿದ್ದರು. ನೋಮಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಗೆಳತಿ ಉಷಾ ಕಾಫಿಗೆ ಬಂದವಳು ಒಂದು ಮಾತು ಹೇಳಿದಳು.

"ಕಾನಾಜಾವಾ ಇಮಿಗ್ರೇಷನ್ ಆಫೀಸಲ್ಲಿ ವಾಪಸ್ ಬರೋಕೆ ಬೇಕಾದ ರೀಎಂಟ್ರಿ ಪರ್ಮಿಟ್ ಮಾಡಿಸ್ಕೊಂಡು ಹೋಗ್ಲಿ ಕಣೋ. ಏರ್‌ಪೋರ್ಟಲ್ಲಿ ವಾಪಸ್ ಬರ್ತೀವಿ ಅಂತ ಫಾರ್ಮಲ್ಲಿ ಬರೀ ಟಿಕ್ ಹಾಕಿ ಹೋದ್ರೆ ಒಂದು ವರ್ಷದೊಳಗೆ ಬಂದ್ಬಿಡ್ಬೇಕು, ಅಷ್ಟೇ."

"ಮದುವೆ ಊಟ ಮಾಡ್ಕೊಂಡು ಬರೋದಕ್ಕೆ ಪರ್ಮಿಟ್ ಯಾಕೆ? ಅವರ ರೆಸಿಡೆನ್ಸ್ ಕಾರ್ಡ್ ನೋಡು, 2023ರ ತನಕ ವ್ಯಾಲಿಡ್," ಎಂದ ಮುಕುಂದ. ಅರ್ಧ ದಿನದ ರಜೆ ಹಾಕಲು ಅವನಿಗೆ ಬೇಜಾರು. ಉಷಾಳಿಗೆ ಮೇಡಂ ಎಂದು ಕೈಮುಗಿದು ರೇಗಿಸಿದ.

ಆಮೇಲೆ ಕೊರೋನಾ ಬಂತು, ವಿಮಾನಗಳು ನಿಂತವು. ವರ್ಷಿಣಿ ಬಂದ ಮೇಲೆಯೇ ಪ್ರವೇಶ ಸಮಾರಂಭ ಮಾಡೋಣ, ಕಾಯುತ್ತೇವೆ ಎಂದು ಶಾಲೆಯವರು ಹೇಳಿಕಳಿಸಿದರು. ಪಾಪ, ಕಾದರು ಕೂಡ.

ಚಳಿಗಾಲದ ಮುಂಚೆ, ಜಪಾನಿನಲ್ಲಿ ನೆಲೆಸಿದ್ದವರಿಗೆ ಮರಳಿ ಬರಲು ಬಾಗಿಲು ತೆರೆಯಿತು. ಅಷ್ಟರಲ್ಲಿ ಚೈತನ್ಯಾಳ ತಾಯಿ ಹಾಸಿಗೆ ಹಿಡಿದಿದ್ದರು. ವರ್ಷ ತುಂಬುವುದರೊಳಗೆ ಬರಲೇಬೇಕು ಎಂದು ಉಷಾ ಮತ್ತೆ ಫೋನ್ ಮಾಡಿದಳು. ಮುಕುಂದ ಮತ್ತೆ ಕಾರ್ಡಿನ ತಾರೀಖನ್ನೇ ಹೇಳಿದ. ಅತ್ತೆ ಚೇತರಿಸಿಕೊಳ್ಳಲಿ, ಆತುರವೇನಿಲ್ಲ ಎಂದ.

2021ರ ಮಾರ್ಚ್‌ನಲ್ಲಿ ಬೆಂಗಳೂರು ಏರ್‌ಪೋರ್ಟಿನಿಂದ ಚೈತನ್ಯಾಳ ಫೋನ್ ಬಂತು.

"ರೀ, ಕಾರ್ಡ್ ಇನ್ನು ನಡೆಯಲ್ಲ ಅಂತಿದಾರೆ. ವರ್ಷ ದಾಟಿಬಿಟ್ಟಿದೆಯಂತೆ. ನಮ್ಮನ್ನ ಹತ್ತಿಸ್ಕೊಳ್ತಿಲ್ಲ."

ಕಾರ್ಡಿನ ಮೇಲಿನ ತಾರೀಖು ಜಪಾನಿನೊಳಗೆ ಇರುವವರಿಗೆ. ಹೊರಗೆ ಹೋದವರು ಎಷ್ಟರೊಳಗೆ ಮರಳಬೇಕು ಎಂಬ ಗಡುವೇ ಬೇರೆ. ತಾಯಿ ಮಗಳು ಹೊಸದಾಗಿ ವೀಸಾ ಪಡೆಯಬೇಕಾಯಿತು, ಆದರೆ ಹೊಸ ವೀಸಾದವರಿಗೆ ಗಡಿ ಮುಚ್ಚಿತ್ತು. ಮುಕುಂದ ಆ ಮನೆಯಲ್ಲಿ ಒಬ್ಬನೇ ಉಳಿದ. ಕಿತಗಾವಾ ಸಾನ್ ಎದುರಾದಾಗೆಲ್ಲ ತಲೆ ತಗ್ಗಿಸಿ ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಿದ್ದ. ಒಂದನೇ ತರಗತಿಯ ಕೋಣೆಗೆ ಯಾರೂ ಬರಲಿಲ್ಲ.

2022ರ ವಸಂತದಲ್ಲಿ ಗಡಿ ತೆರೆದ ಮೇಲೆ ತಾಯಿ ಮಗಳು ಹೊಸ ವೀಸಾ ಪಡೆದು ಬಂದಿಳಿದರು. ಬಂದ ವಾರವೇ ಮುಕುಂದ ರಜೆ ಹಾಕಿ ಇಬ್ಬರನ್ನೂ ಕಾನಾಜಾವಾಕ್ಕೆ ಕರೆದೊಯ್ದು ಪರ್ಮಿಟ್ ಮಾಡಿಸಿದ. ಆದರೆ ಶಾಲೆ ಆ ಮಾರ್ಚ್‌ನಲ್ಲೇ ಮುಚ್ಚಿತ್ತು. ಉಳಿದ ಮಕ್ಕಳಿಗೆ ಪೇಟೆಯ ಶಾಲೆಗೆ ಬಸ್ಸು.

ಕಿತಗಾವಾ ಸಾನ್ ಕೆಂಪು ಚೀಲವನ್ನು ಧೂಳು ಒರೆಸಿ ತಂದರು. ವರ್ಷಿಣಿಗೆ ಜಪಾನಿ ಮರೆತುಹೋಗಿತ್ತು. ಅಜ್ಜಿಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಕೇಳಿದಳು: "ಅಜ್ಜಿ, ನನ್ನ ಸ್ಕೂಲ್ ಎಲ್ಲಿ?"

ಏನು ಕೇಳುತ್ತಿದ್ದಾಳೆ ಎಂದು ಅಜ್ಜಿ ಮುಕುಂದನ ಮುಖ ನೋಡಿದರು. ಅವನು ಮತ್ತೆ ತಲೆ ತಗ್ಗಿಸಿ ಸುಮಿಮಾಸೆನ್ ಎಂದ.

ಜಪಾನಿನಲ್ಲಿ ನೆಲೆಸಿರುವ ಅಕ್ಕಂದಿರೇ, ಅಣ್ಣಂದಿರೇ, ಊರಿಗೆ ಹೊರಡುವ ಮುನ್ನ ಕಾರ್ಡಿನ ತಾರೀಖು ನೋಡಿ ಸುಮ್ಮನಾಗಬೇಡಿ. ಏರ್‌ಪೋರ್ಟಿನಲ್ಲಿ ಟಿಕ್ ಹಾಕಿ ಹೋದರೆ ಸಿಗುವುದು ಹೆಚ್ಚೆಂದರೆ ಒಂದು ವರ್ಷ, ಊರಲ್ಲಿ ಕೂತು ಅದನ್ನು ಮುಂದೂಡಲು ಆಗುವುದಿಲ್ಲ. ತಡವಾಗಬಹುದು ಎಂಬ ಸಣ್ಣ ಅನುಮಾನ ಬಂದರೂ ಮೊದಲು ಇಮಿಗ್ರೇಷನ್ ಆಫೀಸಿಗೆ ಹೋಗಿ ರೀಎಂಟ್ರಿ ಪರ್ಮಿಟ್ ಪಡೆಯಿರಿ. ನಿಮಗಾಗಿ ಕಾಯುತ್ತಿರುವವರು ಅಲ್ಲಿ ಮಾತ್ರವಲ್ಲ, ಇಲ್ಲಿಯೂ ಇದ್ದಾರೆ.