ಆರೂ ನಲವತ್ತರ ರೈಲಿಗೆ ಬಸ್ಸು

ನಿಲ್ಲಿಸುವುದೋ, ಬೇಡವೋ? ನಿಲ್ಲಿಸಿದರೆ ತನ್ನ ಕೆಲಸ ಹೋಗುತ್ತದೆ. ನಿಲ್ಲಿಸದಿದ್ದರೆ ಅಕ್ಕನದು ಹೋಗುತ್ತದೆ. ಮೊನ್ನೆ ಅವಳು ಕೈ ಅಡ್ಡ ಹಿಡಿದಿದ್ದಳು. ಕನ್ನಡಿ ಸರಿಮಾಡುವವನ ಹಾಗೆ ಮುಖ ತಿರುಗಿಸಿಕೊಂಡು ಹೋಗಿಬಿಟ್ಟಿದ್ದ. ನಿನ್ನೆ ಅವಳು ಕೈ ಚಾಚಲಿಲ್ಲ, ಸುಮ್ಮನೆ ನೋಡುತ್ತ ನಿಂತಿದ್ದಳು. ಅದೇ ಹೆಚ್ಚು ಕಷ್ಟವಾಯಿತು. ಇವತ್ತು?

ಡ್ರೈವರ್ ಗೇರ್ ಬದಲಿಸಿದ. ಕಾರ್ಖಾನೆಯ ಗೇಟಿನಿಂದ ಕಾಲೊನಿಯ ನಲ್ಲಿಯವರೆಗೆ ಮೂರೇ ನಿಮಿಷದ ದಾರಿ.

ಪಕ್ಕದ ಸೀಟಿನಲ್ಲಿ ಸೂಪರ್‌ವೈಸರ್ ಬೆಂಕಿಕಡ್ಡಿಯಿಂದ ಹಲ್ಲಿನ ಸಂದು ಕೆದಕುತ್ತಿದ್ದ. ಸಿಕ್ಕಿದ್ದನ್ನು ನೋಡಿ ಮತ್ತೆ ಬಾಯಿಗೇ ಹಾಕಿಕೊಂಡ.

"ಸರ್ರಂತ ಹೋಗ್ಬಿಡಪ್ಪ. ನಾಲ್ಕು ದಿನ ನಿಂತು ನೋಡ್ತಾರೆ. ಐದನೇ ದಿನ ಅವರೇ ಬಂದು ಚಾಕು ಹಿಡೀತಾರೆ."

ಅಕ್ಕ ಹದಿನಾಲ್ಕು ವರ್ಷ ಆ ಚಾಕು ಹಿಡಿದಿದ್ದಳು. ಕೋಳಿ ಕತ್ತರಿಸುವ ಕಾರ್ಖಾನೆ ಅದು. ಬಿಸಿನೀರಿನಲ್ಲಿ ಅದ್ದಿದ ಕೋಳಿಗಳು ಕೊಕ್ಕೆಗೆ ನೇತುಬಿದ್ದು ಸಾಲಾಗಿ ಬರುತ್ತವೆ. ಹೊಟ್ಟೆ ಸೀಳಬೇಕು, ಕರುಳು ಎಳೆಯಬೇಕು, ಮುಂದಿನದು. ನೀರಿನಲ್ಲೇ ನೆನೆದು ನೆನೆದು ಅವಳ ಬೆರಳ ಸಂದುಗಳು ಬೆಳ್ಳಗೆ ಬೆಂದ ಹಾಗಾಗಿದ್ದವು. ಉಗುರಿನ ಬುಡದಲ್ಲಿ ಕೀವು. ಎಷ್ಟು ಸೋಪು ಹಾಕಿ ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. "ನನ್ನ ಕೈಯಿಂದ ತುತ್ತು ತಿನ್ನೋಕೆ ನನಗೇ ಹೇಸಿಗೆ ಕಣೋ" ಎನ್ನುತ್ತಿದ್ದಳು.

ರೈಲಿನಲ್ಲಿ ಅರ್ಧ ಗಂಟೆ ಹೋದರೆ ಪೇಟೆ. ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸವಿತ್ತು, ಗಾರ್ಮೆಂಟ್ಸ್ ಇತ್ತು. ಆದರೆ ಸ್ಟೇಷನ್ ಏಳು ಕಿಲೋಮೀಟರ್ ದೂರ. ಬಸ್ಸಿಲ್ಲ. ನಡೆದು ಹೋಗಿ ರೈಲು ತಪ್ಪಿಸಿಕೊಂಡವರು ತಿರುಗಿ ಬಂದು ಕೋಳಿಯ ಮುಂದೆಯೇ ನಿಲ್ಲುತ್ತಿದ್ದರು. ಮಾಲೀಕನಿಗೂ ಅದು ಗೊತ್ತಿತ್ತು. ಅವನು ಕೊಟ್ಟದ್ದೇ ಕೂಲಿ.

ಹಾಗಾಗಿ ಕಾಲೊನಿಯವರು ಬಸ್ಸು ಮಾಡಿದರು. ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದ ಬಸ್ಸು. ಎಲ್ಲರೂ ಸೇರಿ ಕೊಂಡು ಎಳೆದು ತಂದಾಗ ಒಳಗೆ ಸೀಟಿರಲಿಲ್ಲ, ಅರ್ಧ ನೆಲವೂ ಇರಲಿಲ್ಲ. ಮನೆಗೊಂದು ಸೀಟು ಎಂದು ಮಾತಾಯಿತು. ಒಬ್ಬರು ಹಳೆಯ ಮಂಚ ಕುಯ್ದು ಹಲಗೆ ತಂದರು, ಒಬ್ಬರು ಬಾಗಿಲ ಚೌಕಟ್ಟನ್ನೇ ಬಿಚ್ಚಿ ತಂದರು. ವೆಲ್ಡರ್ ಹದಿನೆಂಟು ಭಾನುವಾರ ಬಸ್ಸಿನ ಕೆಳಗೇ ಮಲಗಿದ್ದ. ಟೇಲರಮ್ಮ ಬೇರೆ ಬೇರೆ ಬಣ್ಣದ ಚಿಂದಿ ಹೊಲಿದು ಮೆತ್ತೆ ಮಾಡಿದಳು. ಒಂದು ಸೀಟಿನ ಹಾಗೆ ಇನ್ನೊಂದಿರಲಿಲ್ಲ. ಕೂತವರ ಸೊಂಟ ಒಂದೊಂದು ಕಡೆ ವಾಲುತ್ತಿತ್ತು. ಆದರೂ ಬಸ್ಸು ಓಡಿತು.

ಪರ್ಮಿಟ್ಟಿಗೆ ಹೋದರೆ ಗುಮಾಸ್ತ ತಲೆಯೆತ್ತಲಿಲ್ಲ. "ಕಾಲೊನಿ ಅಂದ್ರೆ ಯಾರ್ರೀ? ಒಬ್ಬರ ಹೆಸರು ತನ್ನಿ. ಇಲ್ಲಾ ಕಂಪನಿ ಹೆಸರು ತನ್ನಿ."

ಒಬ್ಬರ ಹೆಸರು ಎಂದ ಕೂಡಲೇ ಜಗಳ ಹತ್ತಿಕೊಂಡಿತು. ವೆಲ್ಡರ್ ಹೆಸರಲ್ಲಾದರೆ ನಾಳೆ ಕುಡಿದು ಮಾರಿಬಿಟ್ಟರೆ? ಟೇಲರಮ್ಮನ ಹೆಸರಲ್ಲಾದರೆ ಅವಳ ಅಳಿಯ ಸುಮ್ಮನಿರುತ್ತಾನಾ? ಹದಿನೈದು ದಿನ ಕಿತ್ತಾಡಿದರು. ಆಗ ಮಾಲೀಕನೇ ಹೇಳಿ ಕಳಿಸಿದ: "ಅಷ್ಟಕ್ಕೇಕೆ ಜಗಳ? ಕಾರ್ಖಾನೆ ಹೆಸರು ಹಾಕ್ಕೊಳ್ಳಿ. ಹೆಸರಿಗೆ ತಾನೇ." ಪಕ್ಕದ ಮನೆಯವರನ್ನು ನಂಬಲಾರದವರು ಅವನನ್ನು ನಂಬಿ, ಅವನು ಕಳಿಸಿದ ಕಾಗದಕ್ಕೆ ಹೆಬ್ಬೆಟ್ಟೊತ್ತಿದರು.

ನಾಲ್ಕು ತಿಂಗಳು ಬಸ್ಸು ಆರೂ ನಲವತ್ತರ ರೈಲು ಹಿಡಿಯಿತು. ಅಕ್ಕ ಆಸ್ಪತ್ರೆಯ ಕೆಲಸಕ್ಕೆ ಸೇರಿದಳು. ಉಗುರಿನ ಕೀವು ಒಣಗಿತು. ಅವಳ ಹಿಂದೆಯೇ ಇನ್ನೂ ಹದಿಮೂರು ಹೆಂಗಸರು ಚಾಕು ಕೆಳಗಿಟ್ಟರು. ಮಾಲೀಕ ಕೂಲಿ ಹೆಚ್ಚಿಸಲಿಲ್ಲ. ಬಸ್ಸನ್ನು ಕಾರ್ಖಾನೆಯೊಳಗೆ ನಿಲ್ಲಿಸಿಕೊಂಡ, ಪಕ್ಕದಲ್ಲಿ ಕಾರ್ಖಾನೆಯ ಹೆಸರು ಬರೆಸಿದ. ಈಗ ಅದು ಖಾಲಿಯಾಗಿ ಸ್ಟೇಷನ್ನಿಗೆ ಹೋಗುತ್ತಿತ್ತು, ರೈಲಿನಿಂದ ಇಳಿದವರನ್ನು ತುಂಬಿಕೊಂಡು ಬರುತ್ತಿತ್ತು. ಎಲ್ಲಿಯವರೋ, ಕಾಲೊನಿಯವರಿಗಿಂತ ಬಡವರು. ಕೂತಲ್ಲೇ ನಿದ್ದೆ ಹೋಗುವವರು. ಅರ್ಧ ಕೂಲಿಗೆ ಬರುವವರು.

ಅಕ್ಕನಿಗೆ ಆಸ್ಪತ್ರೆಯಿಂದ ಮಾತು ಬಂದಿತ್ತು. ಇವತ್ತೂ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ.

ತಿರುವು ದಾಟಿತು. ಈ ದಿನ ಅವರು ರಸ್ತೆಯ ಪಕ್ಕದಲ್ಲಿರಲಿಲ್ಲ, ನಡುವೆಯೇ ನಿಂತಿದ್ದರು. ಮೂವತ್ತು ಜನ ಇದ್ದಿರಬಹುದು. ಮುಂದೆ ಅಕ್ಕ, ಬಗಲಲ್ಲಿ ಊಟದ ಚೀಲ.

ಡ್ರೈವರ್ ಬ್ರೇಕ್ ಒತ್ತಿ ಇಂಜಿನ್ ಆರಿಸಿದ. ಒತ್ತಿದ ಮೇಲೆ ಅವನಿಗೆ ಹಗುರವಾಯಿತು.

"ಏಯ್, ಯಾಕೆ ನಿಲ್ಲಿಸ್ದೆ?" ಸೂಪರ್‌ವೈಸರ್ ಎದ್ದ.

"ಮೇಲೆ ಹತ್ತಿಸ್ಲಾ ಮತ್ತೆ?"

"ತಮ್ಮಾ, ಬಾಗಿಲು ತೆಗಿ" ಅಂದಳು ಅಕ್ಕ.

"ಕನ್ನಡಿ ಸರಿಮಾಡಿದ್ದು ಆಯ್ತೇನಪ್ಪಾ ರಾಜ?" ಟೇಲರಮ್ಮ ಕೇಳಿದಳು. "ನಾವು ಕಾಣಿಸ್ತಿದೀವಾ ಇವತ್ತು?"

ಅವನು ಬಾಗಿಲು ತೆಗೆದ. ಅಷ್ಟರಲ್ಲಿ ಸೂಪರ್‌ವೈಸರ್ ಬೀಗದ ಕೈ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದ. ಹೊರಗೆ ಕಾರ್ಖಾನೆಯ ಚರಂಡಿ. ಪುಕ್ಕ, ಕೊಬ್ಬು, ಕೆಂಪು ನೊರೆ. ಬೀಗದ ಕೈ ಗುಳಕ್ಕೆಂದು ಮುಳುಗಿತು.

"ಹುಡುಕ್ಕೊಳ್ಳಿ. ಹದಿನಾಲ್ಕು ವರ್ಷ ಕರುಳಲ್ಲೇ ಕೈಯಾಡಿಸಿದೋರು ತಾನೇ."

ವೆಲ್ಡರ್ ಅವನ ಕಾಲರ್ ಹಿಡಿದ. ಸೂಪರ್‌ವೈಸರ್ ಜೇಬಿನಿಂದ ಮಡಿಸಿದ ಕಾಗದ ತೆಗೆದು ಎತ್ತಿ ಹಿಡಿದ. "ಮೈ ಮುಟ್ಟಿದ್ರೆ ಒಳಗೆ ಹಾಕಿಸ್ತೀನಿ. ಕೇಳಿ ಇಲ್ಲಿ. 'ಸದರಿ ಬಸ್ಸನ್ನು ಕಾರ್ಖಾನೆಗೆ ಮಾರಿರುತ್ತೇವೆ. ಪೂರ್ತಿ ಹಣ ಸಂದಿದೆ. ಇನ್ನು ಮೇಲೆ ನಮಗೆ ಯಾವ ಹಕ್ಕೂ ಇರುವುದಿಲ್ಲ.' ಕೆಳಗೆ ಯಾರ ಹೆಬ್ಬೆಟ್ಟು? ನನ್ನ ತಾತಂದಾ?"

ಎಲ್ಲರೂ ಡ್ರೈವರ್ ಕಡೆ ನೋಡಿದರು. ಕಾಲೊನಿಯಲ್ಲಿ ಹತ್ತನೇ ತರಗತಿಯವರೆಗೆ ಓದಿದವನು ಅವನೊಬ್ಬನೇ.

"ಸುಳ್ಳು" ಅಂದಳು ಅಕ್ಕ. "ಅವತ್ತು ನನ್ನ ತಮ್ಮನೇ ಓದಿದ್ದು. ಹೆಸರಿಗೆ ಮಾತ್ರ ಅಂತ ಬರ್ದಿದೆ ಅಂದ. ಆಮೇಲೆ ಕಾಗದ ಬದಲಾಯಿಸಿದ್ದೀರ ನೀವು. ಹೌದಲ್ವೇನೋ?"

ಡ್ರೈವರ್ ಸ್ಟೀರಿಂಗ್ ಮೇಲಿನ ಕೈಗಳನ್ನು ನೋಡಿಕೊಂಡ. ತಲೆ ತುಸು ಅಲ್ಲಾಡಿತು. ಹೌದೆಂದೋ ಇಲ್ಲವೆಂದೋ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅಕ್ಕನಿಗೆ ಅಷ್ಟೇ ಸಾಕಾಯಿತು.

ದೂರದಲ್ಲಿ ರೈಲು ಕೂಗಿತು. ಎಲ್ಲರೂ ಆ ಕಡೆ ತಿರುಗಿದರು. ಅಕ್ಕ ಮಾತ್ರ ತಿರುಗಲಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ನಿಂತಿದ್ದು, ಊಟದ ಚೀಲವನ್ನು ರಸ್ತೆಯ ಮೇಲಿಟ್ಟಳು.

"ಸ್ಪ್ಯಾನರ್ ತಗೊಂಡು ಬಾರಪ್ಪಾ" ಎಂದು ವೆಲ್ಡರನಿಗೆ ಹೇಳಿದಳು. "ಇವನ ಕಾಲರ್ ಬಿಡು, ಕೈ ಹೊಲಸಾಗುತ್ತೆ. ನಮ್ಮ ಮನೆ ಸೀಟು ಎಲ್ಲಿದೆ ತೋರ್ಸು."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಹತ್ತಿ ತಮ್ಮ ತಮ್ಮ ಸೀಟು ಬಿಚ್ಚಿ ಇಳಿಸಿದರು. ಮಂಚದ ಹಲಗೆ, ಬಾಗಿಲ ಚೌಕಟ್ಟು, ಬಣ್ಣದ ಮೆತ್ತೆ. ನೆಲದ ತಗಡನ್ನೂ ಬಿಡಲಿಲ್ಲ. ಇಳಿಸಿದ ಸೀಟುಗಳನ್ನು ರಸ್ತೆಗೆ ಅಡ್ಡಲಾಗಿ ಸಾಲಿಟ್ಟು ಕೂತರು. ಹಿಂದೆ ಕೋಳಿ ತುಂಬಿದ ಲಾರಿಗಳು ಬಂದು ನಿಂತವು.

ಬಿಸಿಲು ಏರುವಾಗ ಮಾಲೀಕ ಕಾರಿನಲ್ಲಿ ಬಂದ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಇಳಿದ. ತನ್ನದೇ ಚರಂಡಿಯ ನಾತ.

"ಇದು ನನ್ನ ಬಸ್ಸು. ಪೊಲೀಸರನ್ನ ಕರೀತೀನಿ."

"ಕರೀರಿ ಸ್ವಾಮಿ" ಎನ್ನುತ್ತ ಟೇಲರಮ್ಮ ಬಿಚ್ಚಿಟ್ಟಿದ್ದ ನಂಬರ್ ಪ್ಲೇಟನ್ನು ಅವನ ಕಾಲ ಬಳಿಗೆ ತಳ್ಳಿದಳು. "ಹೆಸರು ತಾನೇ ನಿಮ್ಮದು? ತಗೊಂಡು ಹೋಗಿ. ಉಳಿದದ್ದರ ಮೇಲೆಲ್ಲ ನಾವು ಕೂತಿದೀವಿ."

ಪೊಲೀಸರು ಬರುವವರೆಗೂ ಯಾರೂ ಏಳಲಿಲ್ಲ. ಬಂದ ಮೇಲೂ ಏಳಲಿಲ್ಲ. ಡ್ರೈವರ್ ಕೊನೆಯ ಬೋಲ್ಟು ಬಿಚ್ಚಿ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಕೆಳಗಿಳಿದ. ಅಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಊಟದ ಡಬ್ಬಿ ಬಿಚ್ಚಿ, ಅವನ ಕೈ ಕೊಳೆಯಾಗಿದೆಯೆಂದು ತಾನೇ ಒಂದು ತುತ್ತು ಅವನ ಬಾಯಿಗಿಟ್ಟಳು.

"ನಿಂಗೂ ಮೋಸ ಮಾಡಿಬಿಟ್ರಲ್ಲೋ" ಅಂದಳು.

ಅವನು ನುಂಗಿದ.

ಕಾಗದವನ್ನು ಯಾರೂ ಬದಲಾಯಿಸಿರಲಿಲ್ಲ. ಅವತ್ತು ಅವನು ಅದನ್ನು ಎರಡು ಸಲ, ಪೂರ್ತಿ ಓದಿದ್ದ. ಖಾಯಂ ಡ್ರೈವರ್ ಕೆಲಸ ನಿನಗೇ ಎಂದು ಮಾಲೀಕ ಮೊದಲೇ ಹೇಳಿದ್ದ. ಇದನ್ನು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.