ಗೆಸೀನೆ ಕಂಡೆನೆಂದದ್ದು

ಆಲ್ಪ್ಸ್ ಬೆಟ್ಟಗಳ ನಡುವಿನ ಫಾಲ್‌ಬಾಖ್ ಊರಿನಲ್ಲಿ ಬುರ್ಗಿ ಥಾಲರ್ ಯಾರೆಂದು ಗೊತ್ತಿಲ್ಲದವರಿರಲಿಲ್ಲ. ಮೂವತ್ತನಾಲ್ಕು ಚಳಿಗಾಲ ಸ್ಕೀ ಶಾಲೆಯ ಕೆಂಪು ಜಾಕೆಟ್ ತೊಟ್ಟು, ಹಿಮದ ಮೇಲೆ ನೆಟ್ಟಗೆ ನಿಲ್ಲಲೂ ಬಾರದವರಿಗೆ ಹಕ್ಕಿಗಳಂತೆ ಇಳಿಯಲು ಕಲಿಸಿದವಳು. ಆ ಕೆಲಸ ಅವಳ ಎರಡೂ ಮಂಡಿಗಳನ್ನು ತಿಂದು ಹಾಕಿತ್ತು. ಬಲಗಾಲಿಗೆ ಎರಡು ಸಲ, ಎಡಗಾಲಿಗೆ ಒಂದು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಹಿಂದೆ ಅವಳನ್ನು ಮದುವೆಯಾಗಬೇಕೆಂದಿದ್ದ ಬಡಗಿಯೊಬ್ಬ, “ಡಿಸೆಂಬರಿಂದ ಏಪ್ರಿಲ್‌ವರೆಗೆ ನಿನಗೆ ಗಂಡ ಬೇಕಾಗಿಲ್ಲ, ಮಿಕ್ಕ ತಿಂಗಳಲ್ಲಿ ನೀನು ಹಿಮ ಯಾವಾಗ ಬೀಳುತ್ತೆ ಅಂತ ಆಕಾಶ ನೋಡ್ತಾ ಕೂರ್ತೀಯ” ಎಂದು ಹೇಳಿ ಪಕ್ಕದ ಕಣಿವೆಯ ಹುಡುಗಿಯನ್ನು ಕಟ್ಟಿಕೊಂಡಿದ್ದ.

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬೆಳಿಗ್ಗೆ ಬೆಟ್ಟದ ನೆತ್ತಿಗೆ ಒಯ್ಯುವ ತೂಗುಕುರ್ಚಿಯ ಮೊದಲ ಲಿಫ್ಟಿನಲ್ಲಿ ಮೇಲೇರಿ, ಯಂತ್ರ ಹಿಮ ಬಾಚಿ ಸಮ ಮಾಡಿಹೋದ ಇಳಿಜಾರಿನ ಮೇಲೆ ಮೊದಲ ಗೆರೆ ಎಳೆಯುತ್ತ ಇಳಿಯುವಾಗ ಅವಳಿಗೆ ಸಿಗುತ್ತಿದ್ದ ಸುಖ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಕಾಲಡಿಯಲ್ಲಿ ಹಿಮ ಸುಯ್ಯೆನ್ನುತ್ತಿತ್ತು, ಕೆನ್ನೆಗೆ ಗಾಳಿ ಚಾಟಿ ಬೀಸುತ್ತಿತ್ತು, ಮೈಗೆ ಭಾರವೇ ಇಲ್ಲದಂತಾಗುತ್ತಿತ್ತು. ಆ ಹೊತ್ತಿನಲ್ಲಿ ಮಂಡಿಗಳಿಗೂ ತಮ್ಮ ನೋವು ಮರೆತುಹೋಗುತ್ತಿತ್ತು.

ವೀಬ್ಕೆ ಸ್ಕೀ ಕಲಿಯಲು ಅವಳ ಕೈಗೆ ಬಂದದ್ದು ನಾಲ್ಕು ವರ್ಷದ ಮಗುವಾಗಿದ್ದಾಗ. ಉತ್ತರ ಜರ್ಮನಿಯ ಕಡಲತೀರದ ಊರಿನ ಮಗು, ಗುಡ್ಡವನ್ನೇ ಕಂಡಿರಲಿಲ್ಲ. ತಾಯಿ ಗೆಸೀನೆ ಶಾಲೆಯಲ್ಲಿ ಟೀಚರು, ಗಂಡ ಬಿಟ್ಟುಹೋಗಿದ್ದ. ಹೊಸ ಕೋಟು ಕೊಳ್ಳದೆ, ಬೇಸಿಗೆಯಲ್ಲಿ ಎಲ್ಲಿಗೂ ಹೋಗದೆ, ಫೆಬ್ರವರಿಯ ಈ ಒಂದು ವಾರಕ್ಕಾಗಿ ಕೂಡಿಡುತ್ತಿದ್ದಳು. “ಲಿಫ್ಟಿಗೆ ಕೇಳೋ ರೇಟು ನೋಡಿದ್ರೆ ಬೆಟ್ಟಾನೇ ನಮ್ಮ ಹೆಸರಿಗೆ ಬರೆದುಕೊಡ್ತಾರೇನೋ ಅನ್ನಿಸುತ್ತೆ ಕಣೆ” ಎಂದು ಪ್ರತಿವರ್ಷ ಗೊಣಗುತ್ತಿದ್ದಳು, ಮರುವರ್ಷ ಮತ್ತೆ ಬರುತ್ತಿದ್ದಳು. ಹೀಗೆ ಇಪ್ಪತ್ತನಾಲ್ಕು ಫೆಬ್ರವರಿ ಕಳೆದವು. ಸಂಜೆಯಾದರೆ ಗೆಸೀನೆ ಬುರ್ಗಿಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿರುತ್ತಿದ್ದಳು. ಬುರ್ಗಿಯ ಬಲಮಂಡಿಯನ್ನು ಎರಡನೇ ಸಲ ಕೊಯ್ದಾಗ ಅವಳು ಹನ್ನೊಂದು ಗಂಟೆ ರೈಲಿನಲ್ಲಿ ಕೂತು ಬಂದು, ಹದಿನೈದು ದಿನ ಅವಳನ್ನು ಎತ್ತಿ ಕೂರಿಸಿ, ಮೈ ತೊಳೆದು ನೋಡಿಕೊಂಡಿದ್ದಳು. ಒಡಹುಟ್ಟಿದವರು ಯಾರೂ ಇಲ್ಲದ ಬುರ್ಗಿ ಅಂದಿನಿಂದ ಅವಳನ್ನು ಅಕ್ಕ ಎಂದೇ ಎಣಿಸಿದ್ದಳು.

ವೀಬ್ಕೆಗೆ ಈಗ ಇಪ್ಪತ್ತೆಂಟು. ಕಾನೂನು ಓದಿ ಮುಗಿಸಿದ್ದಳು. ಮೇ ತಿಂಗಳಲ್ಲಿ ನ್ಯಾಯಾಧೀಶೆಯಾಗಿ ಕೆಲಸಕ್ಕೆ ಸೇರುವವಳಿದ್ದಳು. ಆದರೂ ಹಿಮ ಕಂಡರೆ ಅದೇ ನಾಲ್ಕು ವರ್ಷದ ಮಗು.

ಆ ಗುರುವಾರ ಬಿಸಿಲು ಚೆನ್ನಾಗಿತ್ತು. ಸೊಂಟ ಹಿಡಿದುಕೊಂಡಿದೆ ಎಂದು ಗೆಸೀನೆ ಕೆಳಗಿನ ಹೋಟೆಲಿನ ಜಗಲಿಯಲ್ಲೇ ಕೂತಳು. ಬುರ್ಗಿ, ವೀಬ್ಕೆ ಇಬ್ಬರೂ ಕಡಿದಾದ ದಾರಿಯಲ್ಲಿ ನಾಲ್ಕು ಸಲ ಇಳಿದರು.

“ಬುರ್ಗಿ ಚಿಕ್ಕಮ್ಮ, ಇನ್ನೊಂದೇ ಒಂದು ಸಲ!”

“ಕಾಲು ನಡುಗ್ತಿದೆ ನಿಂದು, ನನಗೆ ಕಾಣ್ತಿದೆ.”

“ನಿಂದು ನಡುಗ್ತಿರಬೇಕು, ಮುದುಕಿ!”

ಬುರ್ಗಿ ನಕ್ಕಳು. ಐದನೇ ಸಲ ಮೇಲೇರಿದರು.

ಆ ದಾರಿಯ ಕೊನೆಯಲ್ಲಿ ಒಂದು ದಿಬ್ಬವಿದೆ. ದಿಬ್ಬದ ಮೇಲೆ ನಿಂತವರಿಗೆ ಕೆಳಗೇನಿದೆ ಎಂದು ಕಾಣುವುದಿಲ್ಲ. ಕೆಳಗಡೆಯೇ ಹೊಸಬರು ಕಲಿಯುವ ಇಳಿಜಾರು ಎಡಗಡೆಯಿಂದ ಬಂದು ಕೂಡಿಕೊಳ್ಳುತ್ತದೆ. ಹಾಗಾಗಿ ಬುರ್ಗಿ ಯಾವಾಗಲೂ ತಾನು ಮೊದಲು ಇಳಿದು, ದಿಬ್ಬದ ಮೇಲಿನವರಿಗೂ ಕಾಣುವ ಹಾಗೆ ದಾರಿಯ ಅಂಚಿನಲ್ಲಿ ನಿಲ್ಲುತ್ತಿದ್ದಳು. ಕೈಯಲ್ಲಿನ ಎರಡು ಸ್ಕೀ ಕೋಲುಗಳಲ್ಲಿ ಒಂದನ್ನು ಮೇಲೆತ್ತಿದರೆ ‘ಬಾ’. ಎರಡನ್ನೂ ಅಡ್ಡಡ್ಡ ಹಿಡಿದರೆ ‘ನಿಲ್ಲು’. ವೀಬ್ಕೆಗೆ ಇದು ಆರನೇ ವಯಸ್ಸಿನಿಂದ ಗೊತ್ತಿದ್ದ ಪಾಠ.

ಎಡಗಡೆಯಿಂದ ಸೆರಾಫಿನ್ ನಿಧಾನಕ್ಕೆ ಬರುತ್ತಿದ್ದ. ಊರಿನ ಮೊದಲ ಲಿಫ್ಟನ್ನು ಓಡಿಸಿದ ಮುದುಕ, ವಯಸ್ಸು ಎಪ್ಪತ್ತೊಂಬತ್ತು. ಊಟಕ್ಕೆ ಮುಂಚೆ ದಿನಾ ಒಂದು ಸುತ್ತು ಹಾಕಿದರೇ ಅವನಿಗೆ ಸಮಾಧಾನ. ಅವನನ್ನು ಕಂಡು ಬುರ್ಗಿ ಎರಡೂ ಕೋಲನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದಳು. ದಿಬ್ಬದ ಮೇಲಿದ್ದ ವೀಬ್ಕೆ ಅವಳನ್ನು ನೋಡಿದಳು. ನೋಡಿಯೂ ಬಂದಳು. ದಿಬ್ಬದಿಂದ ಗಾಳಿಗೆ ಹಾರಿದಾಗ “ಹೋ!” ಎಂದು ಕೂಗಿದ್ದು ಬುರ್ಗಿಗೆ ಕೇಳಿಸಿತು, ಖುಷಿಯ ಕೂಗು ಅದು. ಮರುಕ್ಷಣ ಅವಳು ಬಡಿದ ರಭಸಕ್ಕೆ ಮುದುಕ ಹತ್ತು ಮಾರು ಆಚೆ ಬಿದ್ದಿದ್ದ, ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ವೀಬ್ಕೆಗೆ ಒಂದು ತರಚೂ ಆಗಿರಲಿಲ್ಲ. ಹೆಲಿಕಾಪ್ಟರ್ ಸೆರಾಫಿನ್‌ನನ್ನು ಎತ್ತಿಕೊಂಡು ಹೋಗುವವರೆಗೂ ಅವಳು ಹಿಮದಲ್ಲಿ ಕೂತು ಗಡಗಡ ನಡುಗುತ್ತಿದ್ದಳು. ಬುರ್ಗಿ ತನ್ನ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದಳು.

“ಚಿಕ್ಕಮ್ಮ, ನನ್ನ ಗತಿ ಏನು?”

“ಆದದ್ದನ್ನ ಆದ ಹಾಗೇ ಹೇಳು, ಕೂಸೇ. ನಾನಿದ್ದೀನಲ್ಲ.”

ಪೊಲೀಸರು ಮಧ್ಯಾಹ್ನ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಹೇಳಿಕೆ ಬರೆದುಕೊಂಡರು. ಶನಿವಾರ ತಾಯಿ ಮಗಳು ಹೊರಟರು. ಗೆಸೀನೆ ಬುರ್ಗಿಯನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಪಾಪ, ಮಗಳ ಚಿಂತೆ ಎಂದುಕೊಂಡಳು ಬುರ್ಗಿ.

ಮಾರ್ಚ್ ಮಧ್ಯದಲ್ಲಿ ಪೊಲೀಸ್ ಠಾಣೆಯಿಂದ ಕರೆ ಬಂತು. ಅಧಿಕಾರಿ ಎರಡು ಹಾಳೆ ಅವಳ ಮುಂದಿಟ್ಟ. “ಶಿಕ್ಷಕಿ ಬಲಗೈಯ ಕೋಲು ಎತ್ತಿ ಬಾ ಎಂದು ಸನ್ನೆ ಮಾಡಿದರು, ಅದನ್ನು ನಂಬಿ ಇಳಿದೆ” ಎಂದಿತ್ತು ಮೊದಲನೆಯದರಲ್ಲಿ. ಕೆಳಗೆ ವೀಬ್ಕೆಯ ಸಹಿ. ಬುರ್ಗಿ ಅದನ್ನು ಎರಡು ಸಲ ಓದಿದಳು. ಆದರೂ, ಹೆದರಿದ ಮಗು, ಏನೋ ಬಡಬಡಿಸಿದೆ ಎಂದುಕೊಂಡಳು.

ಎರಡನೆಯ ಹಾಳೆ ಓದಿದಳು. “ನಾನು ಹೋಟೆಲಿನ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಶಿಕ್ಷಕಿ ಕೋಲು ಎತ್ತಿದ್ದು ಸ್ಪಷ್ಟವಾಗಿ ಕಂಡಿತು.” ಕೆಳಗೆ ಗೆಸೀನೆಯ ದುಂಡಗಿನ, ಶಾಲಾಮಕ್ಕಳಿಗೆ ಬರೆದು ತೋರಿಸುವಂಥ ಅಕ್ಷರ.

“ನೀವೇನು ಹೇಳ್ತೀರಿ?” ಎಂದ ಅಧಿಕಾರಿ.

“ನಾನು ಅಡ್ಡ ಹಿಡಿದಿದ್ದೆ.”

“ಅವರಿಬ್ಬರು, ನೀವೊಬ್ಬರು.”

ಸ್ಕೀ ಶಾಲೆಯ ಮುಖ್ಯಸ್ಥ ಗೆಬ್‌ಹಾರ್ಡ್‌ಗೆ ಕಲಿಸಿದವಳೂ ಬುರ್ಗಿಯೇ. ಅವನು ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಹೇಳಿದ: “ನೋಡು ಬುರ್ಗಿ, ಕೈ ತಪ್ಪಿ ಎತ್ತಿಬಿಟ್ಟೆ ಅಂತ ಒಪ್ಕೊಂಡುಬಿಡು. ಶಾಲೆಗೆ ವಿಮೆ ಇದೆ, ಅವರು ನೋಡ್ಕೋತಾರೆ. ಅತಿಥಿಗಳ ಜೊತೆ ಜಗಳ ಕಾದು ನಮಗೆ ಬರೋದೇನು?”

“ನಾನು ಎತ್ತಿಲ್ಲವಲ್ಲೋ.”

“ಅದು ನನಗೆ ಗೊತ್ತಿಲ್ವಾ? ಆದ್ರೆ ಕೇಸು ಮುಗಿಯೋವರೆಗೆ ನಿನ್ನ ಕೈಗೆ ಯಾರನ್ನೂ ಕೊಡೋಕಾಗಲ್ಲ.”

ಅವಳು ಕೆಂಪು ಜಾಕೆಟ್ಟನ್ನು ಅವನ ಮೇಜಿನ ಮೇಲೆ ಮಡಚಿಟ್ಟು ಬಂದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಇನ್ನೊಂದು ಕಾಟ ಶುರುವಾಯಿತು. ಅಕ್ಕನಂಥವಳು ಸುಳ್ಳು ಬರೆಯುತ್ತಾಳೆ ಎಂದು ನಂಬುವುದಕ್ಕಿಂತ ತನ್ನ ಕೈಯೇ ತಪ್ಪಿತು ಎಂದು ನಂಬುವುದು ಹಗುರವಾಗಿತ್ತು. ಪಾತ್ರೆ ತೊಳೆಯುತ್ತ ನಿಂತವಳು ಥಟ್ಟನೆ ಬಲಗೈ ಎತ್ತಿ ನೋಡುವಳು. ಎತ್ತಿದ್ದೆನೇ? ಐದನೇ ಸಲ ಬೇಡ ಎನ್ನಬೇಕಿತ್ತು, ಅಂದಿರಲಿಲ್ಲ. ತನಗೂ ಇಳಿಯುವ ಚಪಲವಿತ್ತು. ಅದೇ ಚಪಲದಲ್ಲಿ ಕೈಯೂ ಏನಾದರೂ ಮಾಡಿತೇ?

ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಆ ಜಗಲಿಗೆ ಹೋದಳು. ಬಡಿಸುವ ಹೆಂಗಸಿಗೆ ಗೆಸೀನೆಯ ಪರಿಚಯವಿತ್ತು. ಗೆಸೀನೆ ಆ ದಿನವೂ ಎಂದಿನಂತೆ ಗೋಡೆಬದಿಯ ಮೂಲೆಯ ಬೆಂಚಿನಲ್ಲೇ ಕೂತಿದ್ದಳಂತೆ. ಬುರ್ಗಿ ಅಲ್ಲಿ ಕೂತಳು. ಹೋದ ಬೇಸಿಗೆಯಲ್ಲಿ ಕಟ್ಟಿದ ಹೊಸ ಲಿಫ್ಟು ನಿಲ್ದಾಣದ ಚಾವಣಿ ಎದುರಿಗೇ ಅಡ್ಡ ನಿಂತಿತ್ತು. ಬಲಕ್ಕೆ ವಾಲಿದಳು, ಎಡಕ್ಕೆ ವಾಲಿದಳು, ಎದ್ದೂ ನಿಂತಳು. ತಾನು ಆ ದಿನ ನಿಂತಿದ್ದ ಅಂಚು ಕಾಣಲಿಲ್ಲ. ದಿಬ್ಬವೂ ಕಾಣಲಿಲ್ಲ. ಬೂದುಬಣ್ಣದ ತಗಡು, ಅದರ ಮೇಲೆ ಆಕಾಶ, ಅಷ್ಟೇ.

ತನ್ನ ಕೈ ತಪ್ಪಿರಲಿಲ್ಲ ಎಂದು ಖಾತ್ರಿಯಾಯಿತು. ಅದರಿಂದ ಸಂತೋಷವಾಗಲಿಲ್ಲ. ಕಾಣದಿದ್ದುದನ್ನು ಕಂಡೆ ಎಂದು ಗೆಸೀನೆ ಯಾರ ಬಲವಂತವೂ ಇಲ್ಲದೆ, ಅದೇ ಮಧ್ಯಾಹ್ನ, ತಣ್ಣಗೆ ಬರೆದುಕೊಟ್ಟಿದ್ದಳು. ಆಮೇಲೂ ಶನಿವಾರ ಬಂದು ತಬ್ಬಿಕೊಂಡಿದ್ದಳು.

ಮನೆಗೆ ಬಂದು ಫೋನು ಮಾಡಿದಳು.

“ಥಾಲರ್ ಅವರೇ,” ಎಂದಿತು ಆ ಕಡೆಯ ದನಿ, “ನಿಮ್ಮ ಜೊತೆ ಮಾತಾಡಬಾರದು ಅಂತ ವಕೀಲರು ಹೇಳಿದ್ದಾರೆ.”

ಠಾಣೆ, ಕಚೇರಿ ಬಿಟ್ಟರೆ ಈ ಬೆಟ್ಟಗಳಲ್ಲಿ ಗುರುತಿಲ್ಲದವರೂ ಒಬ್ಬರನ್ನೊಬ್ಬರು ‘ನೀನು’ ಎನ್ನುತ್ತಾರೆ. ಇಪ್ಪತ್ತನಾಲ್ಕು ವರ್ಷದ ಮೇಲೆ ಗೆಸೀನೆಯ ಬಾಯಲ್ಲಿ ‘ನೀವು’ ಕೇಳಿ ಬುರ್ಗಿಗೆ ಕಪಾಳಕ್ಕೆ ಬಿಗಿದಂತಾಯಿತು.

“ಗೆಸೀನೆ, ನಾನು ಕಣೆ, ಬುರ್ಗಿ. ನೀನು ಕೂತಿದ್ದ ಜಾಗಕ್ಕೆ ಹೋಗಿ ಕೂತು ಬಂದೆ. ಅಲ್ಲಿಂದ ಏನೂ ಕಾಣಲ್ಲ.”

ಗೆಸೀನೆಯ ದನಿ ಒಡೆಯಿತು: “ಅವಳ ಹೆಸರಿನ ಮೇಲೆ ಒಂದು ಕೇಸು ಬಿದ್ರೆ ನ್ಯಾಯಾಧೀಶೆ ಕೆಲಸ ಹೋಯ್ತು ಅಂತಲೇ ಲೆಕ್ಕ. ಅವಳನ್ನ ಓದಿಸೋಕೆ ನಾನು ಪಟ್ಟಿದ್ದು ನಿನಗೆ ಗೊತ್ತು. ನೀನು ಹೇಗೂ ಇನ್ನು ಎರಡು ಮೂರು ವರ್ಷಕ್ಕೆ ಬಿಡೋಳು. ಮಂಡಿ ಬೇರೆ ಹೋಗಿದೆ. ಅವಳದು ಈಗ ಶುರು, ಬುರ್ಗಿ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೆ.”

“ಕೇಳಿದ್ರೆ ಬೇಡ ಅಂತಿದ್ದೆ. ನಿನಗೆ ಮಕ್ಕಳಿಲ್ಲ. ನಿನಗೆ ಅರ್ಥ ಆಗಲ್ಲ.”

ಬುರ್ಗಿ ಫೋನಿಟ್ಟಳು. ಆ ಮಗುವಿಗೆ ಬೂಟು ಕಟ್ಟಿದ್ದು, ಮೂಗು ಒರೆಸಿದ್ದು, ಬಿದ್ದು ಅತ್ತಾಗ ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ಇಳಿದದ್ದು ಒಂದೊಂದೇ ನೆನಪಾಯಿತು. ಅವಳು ಅಳಲಿಲ್ಲ. ಅಲಮಾರಿನಲ್ಲಿದ್ದ ಗೆಸೀನೆಯ ಚಪ್ಪಲಿ, ಪ್ರತಿವರ್ಷ ಇಲ್ಲೇ ಬಿಟ್ಟುಹೋಗುತ್ತಿದ್ದ ಉಣ್ಣೆಯ ಚಪ್ಪಲಿಗಳನ್ನು ತೆಗೆದು ಒಲೆಗೆ ಹಾಕಿದಳು.

ಜೂನಿನಲ್ಲಿ ವಿಚಾರಣೆಯಾಯಿತು. ನ್ಯಾಯಾಲಯದವರು ಜಗಲಿಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತು ನೋಡಿದರು. ಗೆಸೀನೆ ತಲೆ ಎತ್ತದೆ, “ನನಗೆ ಹಾಗನ್ನಿಸಿತ್ತು, ತಪ್ಪಿರಬಹುದು” ಎಂದಳು. ವೀಬ್ಕೆ ಮಾತ್ರ ತನ್ನ ಮಾತು ಬದಲಿಸಲಿಲ್ಲ. ಯಾರ ಮೇಲೂ ತಪ್ಪು ಖಚಿತವಾಗಿ ಹೊರಿಸಲಾಗದು ಎಂದು ಕೇಸು ಮುಚ್ಚಿತು. ಬುರ್ಗಿ ಸತ್ಯ ಹೇಳಿದಳೆಂದಾಗಲಿ, ಅವರು ಸುಳ್ಳು ಹೇಳಿದರೆಂದಾಗಲಿ ಎಲ್ಲೂ ಬರೆಯಲಿಲ್ಲ.

ನ್ಯಾಯಾಲಯದ ಹೊರಗಿನ ಮೊಗಸಾಲೆಯಲ್ಲಿ ಬುರ್ಗಿ ವೀಬ್ಕೆಯನ್ನು ತಡೆದಳು.

“ಕೇಸು ಮುಗೀತಲ್ಲ. ನಿನಗಿನ್ನೇನೂ ಆಗಲ್ಲ. ಈಗ ನನ್ನ ಮುಖ ನೋಡಿ ಹೇಳು.”

ವೀಬ್ಕೆ ನೋಡಿದಳು. ಕಣ್ಣು ತಪ್ಪಿಸಲಿಲ್ಲ. “ನೀನು ಕೋಲು ಎತ್ತಿದ್ದೆ, ಚಿಕ್ಕಮ್ಮ. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಮೇಲೆ ನನಗೇನೂ ಕೋಪ ಇಲ್ಲ.”

ಅವಳು ನಟಿಸುತ್ತಿರಲಿಲ್ಲ. ಹೇಳಿ ಹೇಳಿ ಅದನ್ನೇ ನಿಜವೆಂದು ನಂಬಿಕೊಂಡಿದ್ದಳು. ಇಷ್ಟು ದಿನ ಬುರ್ಗಿ ಒಳಗೊಳಗೇ ಕಾಯುತ್ತಿದ್ದದ್ದು ಒಂದೇ ಒಂದು ತಪ್ಪೊಪ್ಪಿಗೆಗಾಗಿ, ಯಾರ ಕಿವಿಗೂ ಬೀಳದ ಕಡೆಯಾದರೂ ಸರಿ. ಅದನ್ನು ಕೊಡಬೇಕಾದವಳ ಹತ್ತಿರವೇ ಅದಿರಲಿಲ್ಲ. ತನ್ನನ್ನೇ ಕ್ಷಮಿಸಿ ನಿಂತಿದ್ದ ಆ ಹುಡುಗಿಗೆ ಬುರ್ಗಿ ದಾರಿ ಬಿಟ್ಟುಕೊಟ್ಟಳು.

ನವೆಂಬರಿನಲ್ಲಿ ಗೆಬ್‌ಹಾರ್ಡ್ ಜಾಕೆಟ್ ಹಿಡಿದುಕೊಂಡು ಮನೆಗೆ ಬಂದ. “ಹಳೇದೆಲ್ಲ ಮರೆತುಬಿಡು. ಮಕ್ಕಳ ತರಗತಿಗೆ ನೀನೇ ಆಗಬೇಕು.”

“ನಿನಗೆ ಗೊತ್ತಿತ್ತು ಅಂದೆಯಲ್ಲ, ಆವತ್ತು. ಗೊತ್ತಿದ್ದೂ ಒಪ್ಕೋ ಅಂದೆ,” ಎಂದಳು ಬುರ್ಗಿ. “ಕಾಫಿ ಕುಡಿದು ಹೋಗು. ಜಾಕೆಟ್ ತಗೊಂಡು ಹೋಗು.”

ಊರ ಬೇಕರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕೆಲಸ ಮುಗಿಸಿ ಹೋಗುವಾಗ ಸೆರಾಫಿನ್‌ಗೆ ರೊಟ್ಟಿ ಕೊಟ್ಟುಹೋಗುವಳು. ಅವನು ಈಗ ಎರಡು ಊರುಗೋಲಿನ ಮೇಲೆ ಅಡುಗೆಮನೆಯಿಂದ ಕಿಟಕಿಯವರೆಗೆ ನಡೆಯುತ್ತಿದ್ದ. ಇನ್ನು ಸ್ಕೀ ಕಟ್ಟುವ ಮಾತಿರಲಿಲ್ಲ. ಯಾರು ಸನ್ನೆ ಮಾಡಿದರು ಎಂಬುದು ಅವನಿಗೆ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ, “ನೀನು ಬಾ ಅಂದಿದ್ದೆಯೇನೇ?” ಎಂದು ಕೇಳಿದ್ದ. “ಇಲ್ಲ” ಎಂದಿದ್ದಳು. “ಸರಿ ಹಾಗಾದ್ರೆ” ಎಂದು ಹಾಲು ಕುಡಿದಿದ್ದ. ಮತ್ತೆ ಆ ಮಾತೆತ್ತಿರಲಿಲ್ಲ.

ಡಿಸೆಂಬರಿನ ಮೊದಲ ಒಳ್ಳೆಯ ಹಿಮ ಬಿದ್ದ ದಿನ ಅವನು, “ಬೇಕರಿಗೆ ರಜೆ ತಾನೇ? ಹೋಗಿ ಬಾ. ಹೇಗಿದೆ ಅಂತ ಬಂದು ಹೇಳು” ಎಂದು ಅವಳನ್ನು ಅಟ್ಟಿದ.

ಅವಳು ಹೋದಳು. ಮೊದಲ ಲಿಫ್ಟಿನಲ್ಲಿ ಮೇಲೇರಿ ಒಬ್ಬಳೇ ಇಳಿದಳು. ಹಿಮ ಹಿಟ್ಟಿನ ಹಾಗಿತ್ತು, ಸುಖ ಹಿಂದಿನಷ್ಟೇ ಇತ್ತು. ದಿಬ್ಬಕ್ಕೆ ಬಂದಾಗ ಮಾತ್ರ ನಿಂತುಬಿಟ್ಟಳು. ಕೆಳಗೆ ನಿಂತು ದಾರಿ ತೋರುವವರು ಯಾರೂ ಇರಲಿಲ್ಲ. ಅಂಚಿನ ಬದಿಯಿಂದ ಅಡ್ಡಡ್ಡಲಾಗಿ, ಹೊಸಬಳ ಹಾಗೆ ಜಾರುತ್ತ ಇಳಿದಳು.

“ಹೇಗಿತ್ತು?” ಎಂದ ಸೆರಾಫಿನ್.

“ಚೆನ್ನಾಗಿತ್ತು. ಮೇಲುಗಡೆ ಒಂದು ಮೊಣಕಾಲುದ್ದ ಇದೆ.”

“ನಿನ್ನ ಫೆಬ್ರವರಿಯವರು?”

“ಬೇರೆ ಕಣಿವೆಗೆ ಹೋಗ್ತಾರಂತೆ ಈ ಸಲ.”

ಮುದುಕ ರೊಟ್ಟಿಗೆ ಬೆಣ್ಣೆ ಹಚ್ಚಿದ. “ಅಲ್ಲೂ ಯಾರಾದರೊಬ್ಬರು ಮುಂದೆ ಹೋಗಿ ನಿಂತ್ಕೋಬೇಕಲ್ಲ,” ಎಂದ.

ಬುರ್ಗಿ ಒದ್ದೆಯಾದ ಕಾಲುಚೀಲ ಬಿಚ್ಚಿ ಒಲೆಯ ಪಕ್ಕ ಹರವಿ, ಊದಿಕೊಂಡಿದ್ದ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಳು.